ರೇಡಿಯೇಟರ್ ಫ್ಯಾನಿಗೆ ಯಾವ ಕಂಟ್ರೋಲ್ ಹಾಕಿಸಬೇಕು? ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಿಸುವವರಿಗೆ ಒಂದು ಹೋಲಿಕೆ

ಹಳೆಯ ಕಾರು, ಜೀಪು ಇಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ರೇಡಿಯೇಟರಿಗೆ ಎಲೆಕ್ಟ್ರಿಕ್ ಫ್ಯಾನ್ ಹಾಕಿಸುತ್ತಿದ್ದೇನೆ, ಅದನ್ನು ಆನ್ ಆಫ್ ಮಾಡುವುದಕ್ಕೆ ಏನು ಕೊಡಿಸಲಿ? ಒಬ್ಬ ಮೆಕ್ಯಾನಿಕ್ ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಸಾಕು ಎನ್ನುತ್ತಾರೆ. ಇನ್ನೊಬ್ಬರು ಇಗ್ನಿಷನ್‌ಗೆ ಡೈರೆಕ್ಟ್ ಕೊಟ್ಟುಬಿಡಿ, ತಲೆನೋವೇ ಇಲ್ಲ ಎನ್ನುತ್ತಾರೆ. ಜೆ.ಸಿ. ರಸ್ತೆಯ ಅಂಗಡಿಯವರು ಬಿಸಿ ನೋಡಿ ತಾನೇ ಆನ್ ಆಫ್ ಆಗುವ ಥರ್ಮೋಸ್ವಿಚ್ ಮುಂದಿಡುತ್ತಾರೆ. ಎಸ್.ಪಿ. ರಸ್ತೆಗೆ ಹೋದರೆ ಡಿಜಿಟಲ್ ಅಂಕಿ ತೋರಿಸುವ ಪುಟ್ಟ ಬೋರ್ಡು ಸಿಗುತ್ತದೆ. ಆನ್‌ಲೈನಿನಲ್ಲಿ ಹುಡುಕಿದರೆ ಫ್ಯಾನಿನ ವೇಗವನ್ನೇ ಏರಿಸಿ ಇಳಿಸುವ ಕಂಟ್ರೋಲರ್ ಕಾಣುತ್ತದೆ. ಇಷ್ಟರ ನಡುವೆ ಯಾರಿಗಾದರೂ ಗೊಂದಲ ಆಗುತ್ತದೆ.

ಬೆಂಗಳೂರಿನಲ್ಲಿ ಈ ಆಯ್ಕೆಗೆ ತೂಕ ಜಾಸ್ತಿ. ಗಾಡಿ 50-60 ಕಿ.ಮೀ. ವೇಗದಲ್ಲಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ. ಆಗ ಫ್ಯಾನ್ ಕೆಟ್ಟಿದ್ದರೂ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ, ಹೆಬ್ಬಾಳದ ಮೇಲ್ಸೇತುವೆ ಹತ್ತಿರ ನಿಂತಾಗ ಎದುರುಗಾಳಿ ಸೊನ್ನೆ. ಮುಂದಿನ ಬಸ್ಸಿನ ಬಿಸಿ ಹೊಗೆಯೇ ನಮ್ಮ ರೇಡಿಯೇಟರಿಗೆ ಸಿಗುವ ಗಾಳಿ. ಅಲ್ಲಿ ಎಂಜಿನ್ ಉಳಿಯುವುದು ಪೂರ್ತಿ ಫ್ಯಾನಿನಿಂದ.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಒತ್ತಡದ ರೇಡಿಯೇಟರ್ ಕ್ಯಾಪ್ ಗಟ್ಟಿಯಾಗಿದ್ದರೆ ಅದೇ ನೀರು ಸುಮಾರು 117 ಡಿಗ್ರಿವರೆಗೆ ತಡೆಯುತ್ತದೆ, ಕೂಲಂಟ್ ಬೆರೆಸಿದ್ದರೆ ಇನ್ನೂ ಸ್ವಲ್ಪ ಮೇಲೆ. ಕ್ಯಾಪಿನ ರಬ್ಬರ್ ಹೋಗಿದ್ದರೆ ಈ ಲಾಭ ಪೂರ್ತಿ ಕೈತಪ್ಪುತ್ತದೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಹಾಗಾಗಿ ಅದೇ ಫ್ಯಾನ್ ಅಷ್ಟೇ ತಿರುಗಿದರೂ ಕೊಂಡೊಯ್ಯುವ ಶಾಖ ಸ್ವಲ್ಪ ಕಡಿಮೆ. ಮಂಗಳೂರಿನಲ್ಲಿ ಸೆಕೆ ಜಾಸ್ತಿ, ಇಲ್ಲಿ ತಂಪು ಎಂದು ಫ್ಯಾನಿನ ವಿಷಯದಲ್ಲಿ ಸಡಿಲ ಬಿಡಬೇಡಿ.

ಏನನ್ನು ನೋಡಿ ಆರಿಸಬೇಕು

ಬೆಲೆಯನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ಕೇಳಬೇಕಾದದ್ದು ಬೇರೆ: ಇದು ಕೆಟ್ಟರೆ ಏನಾಗುತ್ತದೆ? ಕೆಟ್ಟಾಗ ಫ್ಯಾನ್ ತಿರುಗುತ್ತಲೇ ಇದ್ದರೆ ಬ್ಯಾಟರಿ ಇಳಿಯುತ್ತದೆ, ಅಷ್ಟೇ. ತಿರುಗದೇ ನಿಂತರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲ್) ಹೋಗುತ್ತದೆ, ಅಲ್ಯೂಮಿನಿಯಂ ಹೆಡ್ ಆದರೆ ಸೊಟ್ಟ ಆಗುತ್ತದೆ. ಎರಡರ ಖರ್ಚಿಗೂ ಅಜಗಜಾಂತರ.

ಎರಡನೆಯದು, ಗಾಡಿಯನ್ನು ಯಾರು ಓಡಿಸುತ್ತಾರೆ ಎಂಬುದು. ನೀವೊಬ್ಬರೇ ಓಡಿಸುವ ಭಾನುವಾರದ ಜೀಪಾದರೆ ಒಂದು ಲೆಕ್ಕ. ಮನೆಯಲ್ಲಿ ಮಗಳು, ತಮ್ಮ, ಡ್ರೈವರ್ ಎಲ್ಲರೂ ಓಡಿಸುವ ಕಾರಾದರೆ, ಯಾರೂ ಏನೂ ನೆನಪಿಡಬೇಕಾಗಿರದ ವ್ಯವಸ್ಥೆ ಬೇಕು.

ಮೂರನೆಯದು ಎಸಿ. ಎಸಿ ಇದ್ದರೆ ಅದರ ಬಿಸಿ ಹೊರಹಾಕುವ ಕಂಡೆನ್ಸರಿಗೂ ಗಾಳಿ ಬೇಕು. ಎಂಜಿನ್ ಬಿಸಿಯಾಗಲಿ ಬಿಡಲಿ, ಎಸಿ ಹಾಕಿದ ಕೂಡಲೇ ಫ್ಯಾನ್ ತಿರುಗಲೇಬೇಕು. ಕಂಟ್ರೋಲಿನಲ್ಲಿ ಇದಕ್ಕೆ ದಾರಿ ಇದೆಯಾ ನೋಡಿ.

ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ: ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್. ಒಂದು ಸಣ್ಣ ಕಾರಿನ ಫ್ಯಾನ್ 10 ಆಂಪ್ ಆಸುಪಾಸು ಎಳೆಯುತ್ತದೆ, ದೊಡ್ಡದು 20-25 ಆಂಪ್ ಎಳೆಯುತ್ತದೆ. ಸಂಜೆ ಮಳೆ ಬಂದು ಹೊಸೂರು ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಎಂದುಕೊಳ್ಳಿ. ಎರಡು ಹೆಡ್‌ಲೈಟಿಗೆ ಸುಮಾರು 9 ಆಂಪ್, ಬ್ರೇಕ್ ತುಳಿದಿದ್ದರೆ ಹಿಂದಿನ ದೀಪಗಳಿಗೆ ಮೂರೂವರೆ, ಅದರ ಮೇಲೆ ವೈಪರ್, ಒಳಗಿನ ಬ್ಲೋವರ್, ಇಗ್ನಿಷನ್. ಜೊತೆಗೆ ಫ್ಯಾನ್. ಎಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ತುಳಿಯದೆ ನಿಧಾನ ಓಡುತ್ತಿರುವಾಗ, ಹಳೆಯ ಆಲ್ಟರ್ನೇಟರ್ ಇಷ್ಟನ್ನೆಲ್ಲ ಕೊಡಲಾರದು. ಉಳಿದದ್ದು ಬ್ಯಾಟರಿಯಿಂದ ಹೋಗುತ್ತದೆ. ಇನ್ನೂ ಡೈನಮೋ ಇರುವ ಗಾಡಿಯಾದರೆ ಫ್ಯಾನಿನ ಮಾತಿಗೆ ಮುಂಚೆ ಆಲ್ಟರ್ನೇಟರ್ ಹಾಕಿಸುವ ಮಾತಾಡಿ.

ಕೊನೆಯದು ರಿಪೇರಿ. ತುಮಕೂರು ರಸ್ತೆಯಲ್ಲೋ ಸಕಲೇಶಪುರದ ಹತ್ತಿರವೋ ಕೆಟ್ಟರೆ, ಅಲ್ಲಿನ ಆಟೋ ಎಲೆಕ್ಟ್ರಿಷಿಯನ್ ನೋಡಿ ಸರಿಮಾಡುವಂತಿರಬೇಕು. ಇದಕ್ಕೆ ನಾನು ತುಂಬಾ ಅಂಕ ಕೊಡುತ್ತೇನೆ.

ಎಲ್ಲಕ್ಕೂ ಬೇಕಾದದ್ದು: ರಿಲೇ, ಫ್ಯೂಸ್, ಅರ್ತ್

ಯಾವ ಕಂಟ್ರೋಲ್ ಆರಿಸಿದರೂ ಇವು ಮೂರು ಬದಲಾಗುವುದಿಲ್ಲ. ನಾನು ನೋಡಿದ ಫ್ಯಾನ್ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲೇ ಇದ್ದವು, ಕಂಟ್ರೋಲರಿನಲ್ಲಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಫ್ಯಾನಿನ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೋ ಇಗ್ನಿಷನ್ ಕೀಯ ಮೂಲಕವೋ ಹೋಗಬಾರದು. ಮೋಟಾರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಸಣ್ಣ ಸ್ವಿಚ್ಚಿನ ಪಾಯಿಂಟ್ ಕೆಲವೇ ದಿನಗಳಲ್ಲಿ ಸುಟ್ಟು ಕಪ್ಪಾಗುತ್ತದೆ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್. ಅದನ್ನು ಹಾಕಿದರೆ ಕೈಯ ಸ್ವಿಚ್ಚಿಗೆ ಬೀಳುವ ಹೊರೆ ಆಂಪಿನ ಐದನೇ ಒಂದು ಭಾಗದಷ್ಟು ಮಾತ್ರ. ದಪ್ಪ ಕರೆಂಟು ಬ್ಯಾಟರಿಯಿಂದ ರಿಲೇ, ರಿಲೇಯಿಂದ ಫ್ಯಾನ್, ಹೀಗೆ ಬಾನೆಟ್ ಒಳಗೇ ಮುಗಿಯುತ್ತದೆ.

ರಿಲೇ ಕಾಲುಗಳ ಮೇಲೆ ನಂಬರ್ ಇರುತ್ತದೆ. 30ಕ್ಕೆ ಬ್ಯಾಟರಿಯ ಪ್ಲಸ್, ಫ್ಯೂಸ್ ದಾಟಿ ಬಂದದ್ದು. 87ರಿಂದ ಫ್ಯಾನಿಗೆ. 85 ಮತ್ತು 86 ಒಳಗಿನ ಕಾಯಿಲಿನವು: ಒಂದಕ್ಕೆ ಇಗ್ನಿಷನ್‌ನಿಂದ ಪ್ಲಸ್, ಇನ್ನೊಂದು ಥರ್ಮೋಸ್ವಿಚ್ ಮೂಲಕ ಅರ್ತಿಗೆ, ಅಂದರೆ ಬ್ಯಾಟರಿಯ ಮೈನಸ್ ಸೇರಿರುವ ಗಾಡಿಯ ಲೋಹದ ಮೈಗೆ. ಒಳಗೆ ಡಯೋಡ್ ಇರುವ ರಿಲೇ ಆದರೆ 85, 86 ಅದಲು ಬದಲು ಮಾಡುವಂತಿಲ್ಲ. ಐದು ಕಾಲಿನ ರಿಲೇ ಸಿಕ್ಕರೆ ನಡುವಿನ 87ಎ ಖಾಲಿ ಬಿಡಿ. ರಿಲೇ ಸುಮ್ಮನಿದ್ದಾಗ ಆ ಕಾಲಿಗೆ ಕರೆಂಟು ಬರುತ್ತಿರುತ್ತದೆ, ಆದ್ದರಿಂದ ಅದು ಎಲ್ಲೂ ತಾಗದಂತೆ ನೋಡಿಕೊಳ್ಳಿ.

ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಫ್ಯೂಸಿಗಿಂತ ಮುಂಚಿನ ತಂತಿಯನ್ನು ಕಾಯುವವರು ಯಾರೂ ಇಲ್ಲ, ಅದಕ್ಕೇ ಆ ತುಂಡು ಗೇಣುದ್ದಕ್ಕಿಂತ ಜಾಸ್ತಿ ಇರಬಾರದು. 10-12 ಆಂಪಿನ ಫ್ಯಾನಿಗೆ 20 ಆಂಪ್ ಫ್ಯೂಸ್, 2.5 ಚದರ ಮಿ.ಮೀ. ತಂತಿ. 20 ಆಂಪಿನ ಫ್ಯಾನಿಗೆ 30 ಆಂಪ್ ಫ್ಯೂಸ್, 4 ಚದರ ಮಿ.ಮೀ. ತಂತಿ. ಫ್ಯೂಸ್ ಪದೇ ಪದೇ ಹೋಗುತ್ತಿದೆ ಎಂದು ದೊಡ್ಡ ಫ್ಯೂಸ್ ಹಾಕಬೇಡಿ. ಮೋಟಾರಿನ ಬುಷ್ ಜಾಮ್ ಆಗಿರಬಹುದು, ತಂತಿ ಎಲ್ಲೋ ಉಜ್ಜಿ ಹರಿದಿರಬಹುದು. ಅದನ್ನು ಹುಡುಕಿ.

ಮನೆ ವೈರಿಂಗಿನ ತಂತಿ ಮಿಕ್ಕಿದೆ ಎಂದು ಅದನ್ನೇ ಬಾನೆಟ್ ಒಳಗೆ ಎಳೆಯಬೇಡಿ. ಸಾಮಾನ್ಯ ಮನೆ ತಂತಿಯ ಹೊದಿಕೆ 70 ಡಿಗ್ರಿಯ ಲೆಕ್ಕದ್ದು. ಸೈಲೆನ್ಸರ್ ಮ್ಯಾನಿಫೋಲ್ಡ್ ಹತ್ತಿರ ಅದು ಮೆತ್ತಗಾಗುತ್ತದೆ, ಆಮೇಲೆ ಬಿರಿಯುತ್ತದೆ. 105 ಡಿಗ್ರಿ ತಡೆಯುವ ಆಟೋ ಕೇಬಲ್ ಎಂದೇ ಕೇಳಿ ತನ್ನಿ.

ಇನ್ನು ಅರ್ತ್. ಪ್ಲಸ್ ತಂತಿಗೆ ಕೊಡುವ ಗಮನದ ಅರ್ಧವನ್ನೂ ಜನ ಕಪ್ಪು ತಂತಿಗೆ ಕೊಡುವುದಿಲ್ಲ. ಫ್ಯಾನಿನ ನೆಗೆಟಿವ್ ತಂತಿ ಪ್ಲಸ್ ತಂತಿಯಷ್ಟೇ ದಪ್ಪ ಇರಬೇಕು. ಅದನ್ನು ಗಾಡಿಯ ಮೈಗೆ ಕೂರಿಸುವ ಜಾಗದಲ್ಲಿ ಬಣ್ಣ ಕೆರೆದು, ಲಗ್ ಒತ್ತಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಹಚ್ಚಬೇಕು. ತಂತಿ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಸಿರು ಹಿಡಿಯುತ್ತದೆ. ಫ್ಯಾನಿಗೆ ಒಂದು ವೋಲ್ಟ್ ಕಡಿಮೆ ಸಿಕ್ಕರೂ ಗಾಳಿ ಎದ್ದು ಕಾಣುವಷ್ಟು ಇಳಿಯುತ್ತದೆ.

ಇಗ್ನಿಷನ್ ಆನ್ ಆದರೆ ಫ್ಯಾನ್ ಆನ್

ರಿಲೇಯ ಕಾಯಿಲಿಗೆ ಇಗ್ನಿಷನ್ ಪ್ಲಸ್, ಇನ್ನೊಂದು ಕಡೆ ನೇರ ಅರ್ತ್. ಕೀ ತಿರುಗಿಸಿದರೆ ಫ್ಯಾನ್ ಓಡುತ್ತದೆ. ಖರ್ಚು ತುಂಬಾ ಕಡಿಮೆ, ಮರೆಯುವ ಮಾತಿಲ್ಲ, ಎಸಿಗೂ ಗಾಳಿ ಸಿಗುತ್ತದೆ.

ನಷ್ಟ ಬೇರೆ ಕಡೆ ಇದೆ. ಬೆಳಗ್ಗೆ ಸ್ಟಾರ್ಟ್ ಮಾಡುವಾಗಲೇ ಫ್ಯಾನೂ ಬ್ಯಾಟರಿಯನ್ನು ಎಳೆಯುತ್ತದೆ. ಡಿಸೆಂಬರ್ ಚಳಿಯಲ್ಲಿ ಎಂಜಿನ್ ಬಿಸಿಯಾಗುವುದು ತಡ ಆಗುತ್ತದೆ. ಹೆದ್ದಾರಿಯಲ್ಲಿ ಬೇಡದಿದ್ದರೂ ಫ್ಯಾನ್ ತಿರುಗುತ್ತಲೇ ಇರುತ್ತದೆ, ಮೋಟಾರಿನ ಬ್ರಷ್ ಸವೆಯುತ್ತಲೇ ಇರುತ್ತದೆ. ಥರ್ಮೋಸ್ವಿಚ್ ಕೆಟ್ಟಾಗ ಮನೆ ಸೇರುವುದಕ್ಕೆ ಇದು ಒಳ್ಳೆಯ ಉಪಾಯ. ಕಾಯಂ ವ್ಯವಸ್ಥೆಯಾಗಿ ನಾನು ಒಪ್ಪುವುದಿಲ್ಲ.

ಡ್ಯಾಶ್‌ಬೋರ್ಡಿನ ಕೈಸ್ವಿಚ್

ಬೇಕಾದಾಗ ಆನ್, ಬೇಡವಾದಾಗ ಆಫ್. ಜೀಪಿನವರಿಗೆ ಇದು ಇಷ್ಟ, ಅದಕ್ಕೆ ಕಾರಣವೂ ಇದೆ. ಹಳ್ಳ ದಾಟುವಾಗ, ಮಳೆಗಾಲದಲ್ಲಿ ನೀರು ನಿಂತ ಅಂಡರ್‌ಪಾಸ್ ದಾಟಲೇಬೇಕಾದಾಗ ಫ್ಯಾನ್ ನಿಲ್ಲಿಸಬೇಕು. ತಿರುಗುವ ಎಲೆ ನೀರಿಗೆ ಸಿಕ್ಕರೆ ಮುಂದಕ್ಕೆ ಬಾಗಿ ರೇಡಿಯೇಟರನ್ನೇ ಕೊರೆಯಬಹುದು.

ಆದರೆ ಫ್ಯಾನನ್ನು ನಡೆಸುವುದು ಈ ಸ್ವಿಚ್ ಒಂದೇ ಆದರೆ ಎಂಜಿನ್ನಿನ ಆಯಸ್ಸು ನಿಮ್ಮ ನೆನಪಿನ ಮೇಲೆ ನಿಂತಿರುತ್ತದೆ. ಫೋನ್ ಬಂದಿರುತ್ತದೆ, ಮಗು ಅಳುತ್ತಿರುತ್ತದೆ, ಪಕ್ಕದ ಬೈಕಿನವರು ಕನ್ನಡಿಗೆ ತಾಗಿಸಿರುತ್ತಾರೆ. ಅಂಥ ಹೊತ್ತಲ್ಲಿ ಟೆಂಪರೇಚರ್ ಮುಳ್ಳು ನೋಡುವವರು ಯಾರು? ಗಾಡಿಯನ್ನು ಬೇರೆಯವರ ಕೈಗೆ ಕೊಡುವಾಗ ಪ್ರತಿಸಲ ಹೇಳಿಕೊಡಬೇಕು. ಇದು ಒಬ್ಬಂಟಿಯಾಗಿ ಬೇಡ. ಮುಂದೆ ಹೇಳುವ ಥರ್ಮೋಸ್ವಿಚ್ಚಿಗೆ ಜೋಡಿಯಾಗಿ ಇದ್ದರೆ ತುಂಬಾ ಒಳ್ಳೆಯದು.

ಥರ್ಮೋಸ್ವಿಚ್ ಮತ್ತು ರಿಲೇ

ಮಾರುತಿ 800 ಬಂದದ್ದು 1983ರಲ್ಲಿ. ಅದರ ಎಂಜಿನ್ ಅಡ್ಡಡ್ಡ ಕೂತಿದ್ದರಿಂದ ಬೆಲ್ಟಿನ ಫ್ಯಾನ್ ರೇಡಿಯೇಟರ್ ಕಡೆ ನೋಡುವಂತೆ ಕೂರಿಸುವುದು ಆಗದ ಮಾತು, ಹಾಗಾಗಿ ಎಲೆಕ್ಟ್ರಿಕ್ ಫ್ಯಾನ್ ಬಂತು. ಅಂಬಾಸಿಡರ್, ಪದ್ಮಿನಿಯ ಬೆಲ್ಟ್ ಫ್ಯಾನಿಗೆ ಒಗ್ಗಿದ್ದ ನಮ್ಮ ಮೆಕ್ಯಾನಿಕ್‌ಗಳು ಥರ್ಮೋಸ್ವಿಚ್ ಫ್ಯಾನಿನ ಕೆಲಸ ಕಲಿತದ್ದು ಇಂಥ ಕಾರುಗಳಿಂದಲೇ. ಇವತ್ತಿಗೂ ಈ ವ್ಯವಸ್ಥೆ ಗೊತ್ತಿಲ್ಲದ ಆಟೋ ಎಲೆಕ್ಟ್ರಿಷಿಯನ್ ಸಿಗುವುದು ಕಷ್ಟ.

ಕೆಲಸ ಸರಳ. ಕೂಲಂಟಿನೊಳಗೆ ಮುಳುಗಿರುವ ಒಂದು ಸ್ವಿಚ್. ಇಷ್ಟು ಡಿಗ್ರಿ ಆದಾಗ ಒಳಗಿನ ಲೋಹದ ಬಿಲ್ಲೆ ಚಟ್ಟನೆ ಮಗುಚಿ ಸಂಪರ್ಕ ಆಗುತ್ತದೆ, ಐದಾರು ಡಿಗ್ರಿ ಇಳಿದ ಮೇಲೆ ಬಿಡುತ್ತದೆ. ಮೈಮೇಲೆ 92/87 ಎಂದೋ 95/90 ಎಂದೋ ಬರೆದಿದ್ದರೆ ಮೊದಲನೆಯದು ಆನ್, ಎರಡನೆಯದು ಆಫ್.

ಇಲ್ಲಿ ತಪ್ಪುವುದು ಡಿಗ್ರಿ ಆರಿಸುವಾಗ. ಎಂಜಿನ್ನಿನ ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟ) 82 ಡಿಗ್ರಿಗೆ ತೆರೆಯುವುದಾದರೆ, ಫ್ಯಾನ್ ಆಫ್ ಆಗುವ ಡಿಗ್ರಿ ಅದಕ್ಕಿಂತ ಮೇಲಿರಬೇಕು. 92/87 ಅಲ್ಲಿಗೆ ಹೊಂದುತ್ತದೆ. 88ರ ಥರ್ಮೋಸ್ಟಾಟ್ ಇರುವ ಎಂಜಿನ್ನಿಗೆ ಅದನ್ನೇ ಹಾಕಿದರೆ ಫ್ಯಾನ್ ನಿಲ್ಲುವುದೇ ಇಲ್ಲ. ಯಾಕೆಂದರೆ ಥರ್ಮೋಸ್ಟಾಟ್ ಎಂಜಿನ್ನನ್ನು 88ಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಅದಕ್ಕೆ 95/90ಕ್ಕೆ ಹೋಗಿ. ಇದು ಸ್ವಿಚ್ ಎಂಜಿನ್ ಕಡೆಯ ಬಿಸಿನೀರಿನಲ್ಲಿದ್ದಾಗಿನ ಲೆಕ್ಕ. ರೇಡಿಯೇಟರಿನ ಕೆಳಗಿನ ಟ್ಯಾಂಕಿನಲ್ಲಿದ್ದರೆ ಅದಕ್ಕೆ ಕಾಣುವುದು ಆಗಲೇ ತಣಿದ ನೀರು. ಅಲ್ಲಿಗೆ ಇನ್ನೂ ಕಡಿಮೆ ಡಿಗ್ರಿಯ ಸ್ವಿಚ್ ಬೇಕು.

ಕೊಳ್ಳುವಾಗ ಒಂದು ಕಾಲಿನದೋ ಎರಡು ಕಾಲಿನದೋ ನೋಡಿ. ಒಂದು ಕಾಲಿನದು ತನ್ನ ಮೈಯ ಮೂಲಕವೇ ಅರ್ತ್ ಪಡೆಯುತ್ತದೆ. ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರಿಗೆ ಅದು ಕೆಲಸಕ್ಕೆ ಬಾರದು, ಎರಡು ಕಾಲಿನದೇ ಆಗಬೇಕು. ಹಿತ್ತಾಳೆ ಟ್ಯಾಂಕಿಗೆ ಹಾಕುವಾಗಲೂ ಥ್ರೆಡ್ಡಿಗೆ ನಲ್ಲಿಯ ಬಿಳಿ ಟೇಪ್ ದಪ್ಪಗೆ ಸುತ್ತಿದರೆ ಅರ್ತ್ ಕಡಿದುಹೋಗಬಹುದು.

ಎಸಿ ಸೇರಿಸುವುದು ಸುಲಭ. ಎಸಿ ಕಂಪ್ರೆಸರ್ ಆನ್ ಆದಾಗ ಸಿಗುವ ಪ್ಲಸ್‌ನಿಂದ ಇನ್ನೊಂದು ರಿಲೇ ನಡೆಸಿ, ಅದರ 87 ಅನ್ನೂ ಅದೇ ಫ್ಯಾನಿಗೆ ಕೊಡಿ. ಕೈಸ್ವಿಚ್ ಸೇರಿಸುವುದು ಇನ್ನೂ ಸುಲಭ. ಥರ್ಮೋಸ್ವಿಚ್ಚಿನ ತಂತಿಯಿಂದ ಒಂದು ಕವಲು ಡ್ಯಾಶ್‌ಬೋರ್ಡಿಗೆ ಎಳೆದು, ಸ್ವಿಚ್ ಮೂಲಕ ಅರ್ತ್ ಮಾಡಿ. ಹೀಗೆ ಮಾಡಿದರೆ ಕೈಸ್ವಿಚ್ ಫ್ಯಾನನ್ನು ಆನ್ ಮಾತ್ರ ಮಾಡಬಲ್ಲದು, ಆಫ್ ಮಾಡಲಾರದು. ಮನೆಮಂದಿ ಓಡಿಸುವ ಕಾರಿಗೆ ಇದೇ ಸರಿ. ನೀರು ದಾಟುವ ಜೀಪಿಗೆ ಮಾತ್ರ ಮೂರು ಸ್ಥಾನದ ಸ್ವಿಚ್ ಹಾಕಿ: ಆಟೋ, ಆಫ್, ಆನ್. ಆಫ್‌ನಲ್ಲಿ ಬಿಟ್ಟಾಗ ಉರಿಯುವ ಕೆಂಪು ದೀಪ ಒಂದಿರಲಿ.

ಕುಂದು ಏನು? ಥರ್ಮೋಸ್ವಿಚ್ ಕೆಟ್ಟರೆ ಹೆಚ್ಚಾಗಿ ಸಂಪರ್ಕ ಆಗದೆ ಕೆಡುತ್ತದೆ, ಅಂದರೆ ಫ್ಯಾನ್ ತಿರುಗದು. ಕೂಲಂಟ್ ಸೋರಿ ಮಟ್ಟ ಸ್ವಿಚ್ಚಿಗಿಂತ ಕೆಳಗೆ ಇಳಿದರೂ ಇದೇ ಕಥೆ. ಹಬೆ, ಗಾಳಿಯ ನಡುವೆ ಇರುವ ಸ್ವಿಚ್ಚಿಗೆ ನಿಜವಾದ ಬಿಸಿ ತಟ್ಟುವುದಿಲ್ಲ. ಕೈಸ್ವಿಚ್ ಬೇಕು ಎನ್ನುವುದು ಈ ಕಾರಣಕ್ಕೇ. ಡಿಗ್ರಿ ಬದಲಿಸಬೇಕಾದರೆ ಸ್ವಿಚ್ಚನ್ನೇ ಬದಲಿಸಬೇಕು ಎಂಬುದು ಇನ್ನೊಂದು ಮಿತಿ. ಅದು ದೊಡ್ಡ ಮಿತಿ ಅಂತ ನನಗೆ ಅನಿಸಿಲ್ಲ.

ಫ್ಯಾನ್ ಎಂಜಿನ್ ನಿಂತ ಮೇಲೂ ಸ್ವಲ್ಪ ಹೊತ್ತು ತಿರುಗಬೇಕು ಎಂದು ಕೆಲವರಿಗೆ ಆಸೆ. ಕಾಯಿಲಿನ ಪ್ಲಸ್ಸನ್ನು ಇಗ್ನಿಷನ್ ಬದಲು ಬ್ಯಾಟರಿಯಿಂದ ಕೊಟ್ಟರೆ ಹಾಗಾಗುತ್ತದೆ. 15 ಆಂಪಿನ ಫ್ಯಾನ್ ಐದು ನಿಮಿಷ ತಿರುಗಿದರೆ ಖರ್ಚಾಗುವುದು 1.25 ಆಂಪ್-ಅವರ್. ಆರೋಗ್ಯವಾಗಿರುವ 35 ಆಂಪ್-ಅವರಿನ ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲ. ಬ್ಯಾಟರಿ ಹಳತಾಗಿದ್ದರೆ ಮಾತ್ರ ಇಗ್ನಿಷನ್‌ಗೇ ಇರಲಿ.

ಡಿಗ್ರಿ ಬದಲಿಸಬಹುದಾದ ಬೋರ್ಡುಗಳು

ಎಸ್.ಪಿ. ರಸ್ತೆಯಲ್ಲಿ ಸಿಗುವ ಡಬ್ಲ್ಯು 1209 ಎಂಬ ಬೋರ್ಡು ತುಂಬಾ ಜನರಿಗೆ ಗೊತ್ತು. 12 ವೋಲ್ಟಿನಲ್ಲಿ ನಡೆಯುತ್ತದೆ, ಡಿಗ್ರಿ ತೋರಿಸುತ್ತದೆ, ಬಟನ್ ಒತ್ತಿ ಬೇಕಾದ ಡಿಗ್ರಿ ಇಡಬಹುದು, ಬೆಲೆ ನೂರರ ಲೆಕ್ಕದಲ್ಲಿ. ಎಂಜಿನ್ ಎಷ್ಟು ಡಿಗ್ರಿಯಲ್ಲಿ ಓಡುತ್ತಿದೆ ಎಂದು ತಿಳಿಯುವ ಕುತೂಹಲ ಇರುವವರಿಗೆ ಇದು ಖುಷಿ ಕೊಡುತ್ತದೆ.

ಆದರೆ ಇದು ಗಾಡಿಗೆಂದು ಮಾಡಿದ ಬೋರ್ಡಲ್ಲ. ಇದರ ಮೇಲಿನ ಚಿಕ್ಕ ರಿಲೇಗೆ ಫ್ಯಾನಿನ ಕರೆಂಟು ಕೊಡಲೇಬೇಡಿ, ಅದು ದೊಡ್ಡ ರಿಲೇಯ ಕಾಯಿಲನ್ನು ಮಾತ್ರ ನಡೆಸಲಿ. ಕೂಲಿಂಗ್ ಮೋಡ್‌ಗೆ ಹಾಕುವುದು ಮರೆತರೆ ತಣ್ಣಗಿದ್ದಾಗ ಫ್ಯಾನ್ ತಿರುಗಿ, ಬಿಸಿಯಾದಾಗ ನಿಲ್ಲುತ್ತದೆ. ಆನ್ ಆಫ್ ನಡುವಿನ ಅಂತರ ಐದು ಡಿಗ್ರಿಯಾದರೂ ಇರಲಿ, ಇಲ್ಲದಿದ್ದರೆ ರಿಲೇ ಟಕಟಕ ಬಡಿಯುತ್ತಲೇ ಇರುತ್ತದೆ. ಬಾನೆಟ್ ಒಳಗಿನ ಬಿಸಿ, ನೀರು, ಅದುರಾಟ ಇದಕ್ಕೆ ಆಗಿಬರದು. ಬೋರ್ಡು ಡ್ಯಾಶ್‌ಬೋರ್ಡ್ ಒಳಗೆ ಇರಬೇಕು, ಸೆನ್ಸರ್ ತಂತಿ ಮಾತ್ರ ಹೊರಗೆ ಹೋಗಬೇಕು.

ನನಗೆ ಇದರಲ್ಲಿ ಭಯ ಇರುವುದು ಸೆನ್ಸರಿನ ಬಗ್ಗೆ. ಇದರ ಸೆನ್ಸರ್ ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಯುವ ಜಾತಿಯದು. ತಂತಿ ತುಂಡಾದರೆ ಬೋರ್ಡಿಗೆ ಅದು ಕಡು ಚಳಿ ಎಂದು ಕಾಣುತ್ತದೆ. ಎಂಜಿನ್ ಕುದಿಯುತ್ತಿದ್ದರೂ ಫ್ಯಾನ್ ಶುರುವಾಗದು. ಹೊಸ ಕಾರಿನ ಕಂಪ್ಯೂಟರ್ ಆದರೆ ಇಂಥ ತುಂಡನ್ನು ಗುರುತಿಸಿ ಎಚ್ಚರಿಕೆಗೆ ಫ್ಯಾನ್ ಓಡಿಸುತ್ತದೆ.

ಇದೇ ಜಾತಿಯಲ್ಲಿ ಗಾಡಿಗೆಂದೇ ಮಾಡಿದ ಕಂಟ್ರೋಲರ್‌ಗಳೂ ಇವೆ. ತಿರುಪು ತಿರುಗಿಸಿ ಡಿಗ್ರಿ ಇಡುವುದು, ರೇಡಿಯೇಟರ್ ಜಾಲರಿಯ ನಡುವೆ ಕಡ್ಡಿ ತೂರಿಸುವುದು. ಎಸಿಗೆ ಬೇರೆ ತಂತಿ ಕೊಟ್ಟಿರುತ್ತಾರೆ. ರೇಡಿಯೇಟರಿಗೆ ಥ್ರೆಡ್ ತೂತು ಇಲ್ಲ, ಬೆಸುಗೆ ಹಾಕಿಸುವುದು ಬೇಡ ಎನ್ನುವ ಅಂಬಾಸಿಡರ್, ಜೀಪಿನವರಿಗೆ ಇದು ಅನುಕೂಲ. ಕಡ್ಡಿಯನ್ನು ಬಿಸಿನೀರು ಒಳಗೆ ಬರುವ ಪೈಪಿನ ಹತ್ತಿರ ತೂರಿಸಿ. ಜಾಲರಿಯ ಬಿಸಿ ಒಳಗಿನ ನೀರಿಗಿಂತ ಕಡಿಮೆ ಇರುತ್ತದೆ, ಹಾಗಾಗಿ ಡಯಲಿನ ಅಂಕಿ ನಂಬದೆ ಮುಳ್ಳು ನೋಡಿಕೊಂಡು ಹೊಂದಿಸಿ.

ವೇಗ ಏರಿಳಿಸುವ ಕಂಟ್ರೋಲರ್

ಪಿ.ಡಬ್ಲ್ಯು.ಎಂ. ಎಂದು ಕರೆಯುವ ಈ ಬಗೆಯಲ್ಲಿ ರಿಲೇ ಬದಲು ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಇರುತ್ತದೆ. ಅದು ಕರೆಂಟನ್ನು ವೇಗವಾಗಿ ಕೊಟ್ಟು ಕಡಿದು ಫ್ಯಾನಿನ ವೇಗ ಹೊಂದಿಸುತ್ತದೆ. ಬಿಸಿ ಸ್ವಲ್ಪ ಇದ್ದರೆ ನಿಧಾನ, ಜಾಸ್ತಿಯಾದರೆ ಜೋರು.

ಇದರ ಲಾಭ ನಿಜವಾದದ್ದು. ಫ್ಯಾನಿನ ವೇಗ ಇಳಿಸಿದಂತೆ ಅದು ತಿನ್ನುವ ವಿದ್ಯುತ್ತು ಅದಕ್ಕಿಂತ ತುಂಬಾ ಬೇಗ ಇಳಿಯುತ್ತದೆ. ನೂರಕ್ಕೆ ಎಪ್ಪತ್ತರಷ್ಟು ವೇಗದಲ್ಲಿ ತಿರುಗಿದರೆ ಸುಮಾರು ಮೂರನೇ ಒಂದು ಭಾಗ ವಿದ್ಯುತ್ತು ಸಾಕು. ಸಣ್ಣ ಆಲ್ಟರ್ನೇಟರ್ ಇರುವ ಹಳೆಯ ಗಾಡಿಗೆ ಇದು ದೊಡ್ಡ ಉಳಿತಾಯ. ಮೆಲ್ಲಗೆ ಶುರುವಾಗುವುದರಿಂದ ಹೆಡ್‌ಲೈಟ್ ಮಂಕಾಗುವುದಿಲ್ಲ, ಐಡಲ್ ಬೀಳುವುದಿಲ್ಲ. ಸದ್ದೂ ಕಡಿಮೆ.

ಬೆಲೆ ಸಾವಿರಗಳ ಲೆಕ್ಕದಲ್ಲಿ, ಒಳ್ಳೆಯದು ಬೇಕಾದರೆ ಹೊರದೇಶದಿಂದ ತರಿಸಬೇಕಾಗಬಹುದು. ಕೆಟ್ಟರೆ ದಾರಿಬದಿಯಲ್ಲಿ ರಿಪೇರಿ ಇಲ್ಲ. ಮಾಸ್‌ಫೆಟ್ ಬಿಸಿ ಉಗುಳುವುದಕ್ಕೆ ಗಾಳಿಯಾಡುವ ಜಾಗ ಬೇಕು. ಅಗ್ಗದ ಎಲ್‌ಇಡಿ ಡಿಮ್ಮರ್ ಬೋರ್ಡನ್ನು ಫ್ಯಾನಿಗೆ ಹಾಕುವ ಪ್ರಯತ್ನ ಬೇಡ. ಮೋಟಾರ್ ಹಿಂದಕ್ಕೆ ಎಸೆಯುವ ವೋಲ್ಟೇಜನ್ನು ತಡೆಯುವ ಡಯೋಡ್ ಅದರಲ್ಲಿ ಇಲ್ಲದಿದ್ದರೆ ಮಾಸ್‌ಫೆಟ್ ಬೇಗ ಸಾಯುತ್ತದೆ. ಈ ದಾರಿ ಹಿಡಿಯುವವರು ಪಕ್ಕದಲ್ಲೊಂದು ಸಾದಾ ರಿಲೇ ಮತ್ತು ಕೈಸ್ವಿಚ್ ಇಟ್ಟಿರಿ. ಕಂಟ್ರೋಲರ್ ಸತ್ತರೆ ಅದರ ಕನೆಕ್ಟರ್ ಕಳಚಿ, ಫ್ಯಾನಿನ ತಂತಿಯನ್ನು ರಿಲೇಗೆ ಚುಚ್ಚಿ ಮನೆಗೆ ಬರುವಂತಿರಬೇಕು.

ಎರಡು ಫ್ಯಾನ್ ಇದ್ದರೆ

ಎರಡು ಒಂದೇ ಅಳತೆಯ ಫ್ಯಾನ್ ಇದ್ದರೆ ಕಂಟ್ರೋಲರ್ ಇಲ್ಲದೆಯೇ ಎರಡು ವೇಗ ಪಡೆಯಬಹುದು. ಮೂರು ರಿಲೇ ಬೇಕು, ಅದರಲ್ಲಿ ಒಂದು ಐದು ಕಾಲಿನದು. ಮೊದಲ ಹಂತದಲ್ಲಿ ಎರಡೂ ಫ್ಯಾನ್ ಸಾಲಾಗಿ ಜೋಡಿಸಿಕೊಂಡು ಅರ್ಧರ್ಧ ವೋಲ್ಟಿನಲ್ಲಿ ನಿಧಾನ ತಿರುಗುತ್ತವೆ. ಎರಡನೇ ಹಂತದಲ್ಲಿ ಬೇರೆ ಬೇರೆಯಾಗಿ ಪೂರ್ತಿ 12 ವೋಲ್ಟ್ ಸಿಗುತ್ತದೆ. ವೇಗ ಇಳಿಸಲು ಕರೆಂಟನ್ನು ತಡೆಯುವ ರೆಸಿಸ್ಟರ್ ಇಲ್ಲ, ಅದು ಸುಡುವ ಮಾತೂ ಇಲ್ಲ, ವಿದ್ಯುತ್ತು ಉಳಿಯುತ್ತದೆ. ಒಂದು ಕುಂದು ಇದೆ: ಒಂದು ಮೋಟಾರ್ ಸತ್ತರೆ ನಿಧಾನದ ಹಂತದಲ್ಲಿ ಎರಡೂ ನಿಲ್ಲುತ್ತವೆ. ವೈರಿಂಗ್ ಚಿತ್ರ ಬರೆದು ಲ್ಯಾಮಿನೇಟ್ ಮಾಡಿ ಗ್ಲೌ ಬಾಕ್ಸಿನಲ್ಲಿ ಇಡದಿದ್ದರೆ, ನಾಲ್ಕು ವರ್ಷದ ನಂತರ ಅದನ್ನು ಬಿಡಿಸುವುದು ಯಾರಿಗೂ ಆಗದು.

ಕಂಪ್ಯೂಟರ್ ಇರುವ ಹೊಸ ಕಾರುಗಳು

ಇಲ್ಲಿ ನನ್ನ ಸಲಹೆ ಚಿಕ್ಕದು: ಕಂಟ್ರೋಲ್ ಬದಲಿಸಬೇಡಿ. ಇ.ಸಿ.ಯು. ಎಂಬ ಎಂಜಿನ್ನಿನ ಕಂಪ್ಯೂಟರ್ ಕೂಲಂಟಿನ ಬಿಸಿ, ಎಸಿಯ ಒತ್ತಡ, ಗಾಡಿಯ ವೇಗ ಎಲ್ಲ ನೋಡಿ ಫ್ಯಾನ್ ನಡೆಸುತ್ತದೆ. ವಾರಂಟಿ ಇರುವಾಗ ತಂತಿ ಕತ್ತರಿಸಿದರೆ ಮುಂದೆ ಮಾತಾಡುವುದು ಕಷ್ಟ. ಮುಳ್ಳು ಟ್ರಾಫಿಕ್ಕಿನಲ್ಲಿ ಏರುತ್ತಿದೆ, ಆಮೇಲೆ ಫ್ಯಾನ್ ಒಮ್ಮೆಲೆ ಜೋರಾಗಿ ಮೊರೆಯುತ್ತದೆ, ನಿಂತಾಗ ಎಸಿ ತಣ್ಣಗಿಲ್ಲ ಎಂದಾದರೆ ನಿಧಾನ ವೇಗದ ರೆಸಿಸ್ಟರ್ ಸುಟ್ಟಿರುವ ಸಂಭವ ಜಾಸ್ತಿ. ಅದನ್ನಷ್ಟೇ ಬದಲಿಸಿ. ಇಡೀ ಫ್ಯಾನ್ ಬದಲಿಸಬೇಕು ಎಂದರೆ ಮೊದಲು ಫ್ಯೂಸ್, ರಿಲೇ, ರೆಸಿಸ್ಟರ್ ನೋಡಿದಿರಾ ಎಂದು ಕೇಳಿ.

ಯಾರಿಗೆ ಯಾವುದು

ದಿನವೂ ಆಫೀಸಿಗೆ ಹೋಗಿಬರುವ 800, ಜೆನ್ ಥರದ ಹಳೆಯ ಕಾರಿಗೆ ಥರ್ಮೋಸ್ವಿಚ್, ರಿಲೇ, ಎಸಿ ರಿಲೇ, ಆನ್ ಮಾತ್ರ ಮಾಡುವ ಕೈಸ್ವಿಚ್. ಇದರಾಚೆ ಯೋಚಿಸುವುದು ಬೇಡ. ಮೂಲ ವೈರಿಂಗ್ ಇದ್ದರೆ ಅದನ್ನೇ ಚೊಕ್ಕ ಮಾಡಿಸಿ, ಅರ್ತ್ ಹೊಸದಾಗಿ ಕೊಡಿಸಿ.

ಅಂಬಾಸಿಡರ್, ಪದ್ಮಿನಿ ಪ್ರೀತಿಯಿಂದ ಇಟ್ಟುಕೊಂಡವರು ಮೊದಲು ಬೆಲ್ಟ್ ಫ್ಯಾನನ್ನೇ ಸರಿಯಾಗಿ ನೋಡಿ. ರೇಡಿಯೇಟರ್ ತೊಳೆಸಿ, ಕ್ಯಾಪ್ ಬದಲಿಸಿ, ಫ್ಯಾನಿನ ಸುತ್ತಲಿನ ಕವಚ ಇದೆಯಾ ನೋಡಿ. ಭಾನುವಾರ ಬೆಳಗ್ಗೆ ನಂದಿಬೆಟ್ಟಕ್ಕೆ ಹೋಗಿಬರುವುದಷ್ಟೇ ಆದರೆ ಅದು ಸಾಕಾಗಬಹುದು. ಬೆಲ್ಟ್ ಫ್ಯಾನಿನ ದೌರ್ಬಲ್ಯ ಐಡಲ್‌ನಲ್ಲಿ. ಎಂಜಿನ್ ನಿಧಾನ ತಿರುಗಿದರೆ ಫ್ಯಾನೂ ನಿಧಾನ. ಟ್ರಾಫಿಕ್ಕಿನಲ್ಲೂ ಓಡಿಸುವುದಾದರೆ ಬೆಲ್ಟ್ ಫ್ಯಾನ್ ಹಾಗೇ ಇಟ್ಟು, ಮುಂದುಗಡೆ ಸಣ್ಣ ಎಲೆಕ್ಟ್ರಿಕ್ ಫ್ಯಾನ್ ಒಂದು, ಜಾಲರಿಗೆ ಕಡ್ಡಿ ತೂರಿಸುವ ಕಂಟ್ರೋಲರ್ ಒಂದು ಸೇರಿಸಿ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಬಿಚ್ಚಿದರೆ ಗಾಡಿ ಮೂಲರೂಪಕ್ಕೆ ಬರುತ್ತದೆ.

ಕಾಡು, ಹಳ್ಳ ಎಂದು ಓಡಾಡುವ ಜೀಪಿಗೆ ಥರ್ಮೋಸ್ವಿಚ್ ಜೊತೆ ಮೂರು ಸ್ಥಾನದ ಸ್ವಿಚ್. ಬಾಡಿಗೆಗೆ ಓಡುವ ಗಾಡಿಗೆ ಆಫ್ ಸ್ಥಾನ ಇರಲೇಬಾರದು. ದೊಡ್ಡ ಎಂಜಿನ್ ಕೂರಿಸಿ, ಎರಡು ಫ್ಯಾನ್ ಹಾಕಿ, ಆಲ್ಟರ್ನೇಟರ್ ಮಿತಿಯಲ್ಲಿರುವವರು ಮಾತ್ರ ಪಿ.ಡಬ್ಲ್ಯು.ಎಂ.ಗೆ ಹಣ ಹಾಕಲಿ.

ಹಣ ಬಿಗಿ ಇದ್ದರೆ ಶಿವಾಜಿನಗರದ ಗುಜರಿಯಲ್ಲಿ ಫ್ಯಾನ್ ಮೋಟಾರನ್ನು ಕವಚದ ಸಮೇತ ತರಬಹುದು. ಅಂಗಡಿಯಲ್ಲೇ ಬ್ಯಾಟರಿಗೆ ಕೊಟ್ಟು ತಿರುಗಿಸಿ, ಸದ್ದು ಕೇಳಿ, ಕೈಯಲ್ಲಿ ಎಲೆ ಅಲ್ಲಾಡಿಸಿ ಬುಷ್ ನೋಡಿ. ರಿಲೇ, ಥರ್ಮೋಸ್ವಿಚ್, ಫ್ಯೂಸ್ ಹೋಲ್ಡರ್, ಕೇಬಲ್ ಮಾತ್ರ ಹೊಸದೇ ಬೇಕು. ಇವೆಲ್ಲ ಸೇರಿದರೂ ಒಂದು ಹೆಡ್ ಗ್ಯಾಸ್ಕೆಟ್ ಕೆಲಸದ ಕೂಲಿಗೆ ಸಮ ಆಗದು.

ಕೆಲಸ ಮುಗಿದ ಮೇಲೆ ಅಲ್ಲೇ ನೋಡಬೇಕಾದದ್ದು

ಫ್ಯಾನ್ ಓಡುವಾಗ ಗ್ರಿಲ್ ಮುಂದೆ ಒಂದು ಹಾಳೆ ಹಿಡಿಯಿರಿ. ಹಾಳೆ ರೇಡಿಯೇಟರ್ ಕಡೆಗೆ ಎಳೆದುಕೊಳ್ಳಬೇಕು. ಹೊರಗೆ ತಳ್ಳಿದರೆ ಮೋಟಾರಿನ ಎರಡು ತಂತಿ ಅದಲುಬದಲಾಗಿದೆ. ಫ್ಯಾನ್ ತಿರುಗುತ್ತದೆ, ಗಾಳಿ ಮಾತ್ರ ಎದುರುಗಾಳಿಗೆ ಅಡ್ಡ ನಿಲ್ಲುತ್ತದೆ.

ಮಲ್ಟಿಮೀಟರಿನಲ್ಲಿ ಬ್ಯಾಟರಿಯ ಮೇಲಿನ ವೋಲ್ಟ್ ನೋಡಿ, ಆಮೇಲೆ ಫ್ಯಾನಿನ ಕನೆಕ್ಟರಿನಲ್ಲಿ ನೋಡಿ, ಎರಡು ಸಲವೂ ಫ್ಯಾನ್ ಓಡುತ್ತಿರುವಾಗಲೇ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಜಾಸ್ತಿ ಇದ್ದರೆ ತಂತಿ ತೆಳು ಅಥವಾ ಅರ್ತ್ ಸಡಿಲ. ಹತ್ತು ನಿಮಿಷ ಓಡಿಸಿ ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಹೋಲ್ಡರ್ ಬದಲಿಸಿ.

ಥರ್ಮೋಸ್ವಿಚ್ಚಿನ ಎರಡು ತಂತಿಯನ್ನು ಹೇಗೆ ಕೂಡಿಸುವುದು ಎಂದು ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ತೋರಿಸಿಕೊಳ್ಳಿ. ಮುಂದೆ ಎಂಜಿನ್ ಬಿಸಿಯಾದರೂ ಫ್ಯಾನ್ ತಿರುಗದಿದ್ದಾಗ ಹಾಗೆ ಕೂಡಿಸಿ ನೋಡಿ: ಫ್ಯಾನ್ ತಿರುಗಿದರೆ ಸ್ವಿಚ್ ಕೆಟ್ಟಿದೆ, ತಿರುಗದಿದ್ದರೆ ರಿಲೇ, ಫ್ಯೂಸ್ ಅಥವಾ ಮೋಟಾರ್. ಒಂದು ಹೆಚ್ಚುವರಿ ರಿಲೇ, ಎರಡು ಫ್ಯೂಸ್, ಎರಡೂ ತುದಿಗೆ ಪಿನ್ ಇರುವ ಗೇಣುದ್ದದ ತಂತಿ ಗ್ಲೌ ಬಾಕ್ಸಿನಲ್ಲಿ ಇರಲಿ. ರೇಡಿಯೇಟರ್ ಕ್ಯಾಪ್ ಮಾತ್ರ ಎಂಜಿನ್ ಬಿಸಿ ಇರುವಾಗ ತೆರೆಯಬೇಡಿ, ಫ್ಯಾನ್ ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡುವ ಆತುರದಲ್ಲೂ.